ಯುಂಗ್‌ಫ್ರೌಯೊಖ್: ಹೆಸರನ್ನು ಒಡೆದು, ನುಡಿದು, ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬಳಸುವ ಕ್ರಮ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದ ಪರಿಚಿತರು ತಮ್ಮ ಇಂಗ್ಲಿಷ್ ಪ್ರವಾಸ ಬರಹವನ್ನು ತಿದ್ದಿಕೊಡಿ ಎಂದು ನನಗೆ ಕಳುಹಿಸುವುದು ರೂಢಿ. ತಪ್ಪು ಎಲ್ಲಿರುತ್ತದೆ ಎಂದು ಈಗ ಕಡತ ತೆರೆಯುವ ಮೊದಲೇ ಹೇಳಬಲ್ಲೆ. ಈಚೆಗೆ ಬಂದ ಹನ್ನೊಂದು ಪುಟಗಳ ಒಂದು ಬರಹದಲ್ಲಿ ಯುಂಗ್‌ಫ್ರೌಯೊಖ್ ಎಂಬ, ಆಲ್ಪ್ಸ್ ಪರ್ವತದ ಎತ್ತರದಲ್ಲಿ ರೈಲು ನಿಲ್ದಾಣವಿರುವ ಒಂದೇ ಜಾಗದ ಹೆಸರು ನಾಲ್ಕು ವೇಷ ಹಾಕಿತ್ತು. ಒಂದು ಪುಟದಲ್ಲಿ ಅದು ಎರಡು ಪದ, ಮುಂದಿನ ಪುಟದಲ್ಲಿ ನಡುವೆ ಅಡ್ಡಗೆರೆ, ಆಮೇಲೆ ಕೊನೆಯ ಎಚ್ ಮಾಯ, ಕಡೆಗೆ ಹೆಸರಿನ ತಲೆಯ ಮೇಲೊಂದು 'ಮೌಂಟ್'. ಬರೆದವರಿಗೆ ಫೋನ್ ಮಾಡಿ ಕೇಳಿದರೆ ಅವರು ಆ ಜಾಗವನ್ನು 'ಜಂಗ್‌ಫ್ರಾಜೋಚ್' ಎಂದರು. ಅಲ್ಲಿ ಅರ್ಧ ದಿನ ಕಳೆದು ಬಂದಿದ್ದವರು ಅವರು.

ಕಷ್ಟ ಹೆಸರಿನಲ್ಲಿ ಅಷ್ಟಿಲ್ಲ, ಅದನ್ನು ಕೈಗೆತ್ತಿಕೊಳ್ಳುವ ಕ್ರಮದಲ್ಲಿದೆ. ಕಣ್ಣಿಗೆ ಬಿದ್ದ ಕೂಡಲೇ ನಾವು ಇಂಗ್ಲಿಷ್ ಪದವೆಂದು ಭಾವಿಸಿ ಬಾಯಿಬಿಡುತ್ತೇವೆ. ಮಾಡಬೇಕಾದದ್ದು ತಿರುಗುಮುರುಗು: ಮೊದಲು ಹೆಸರನ್ನು ಒಡೆಯಬೇಕು, ತುಂಡುಗಳ ಅರ್ಥ ತಿಳಿಯಬೇಕು, ಆಮೇಲೆ ನುಡಿಯಬೇಕು, ಕೊನೆಗೆ ವಾಕ್ಯದಲ್ಲಿ ಕೂರಿಸಬೇಕು. ಒಂದು ಹಂತ ಹಾರಿದರೆ ಅದರ ಮುಂದಿನದು ಕೈಕೊಡುತ್ತದೆ.

ಮೊದಲು ಕೈಯಲ್ಲಿರಬೇಕಾದವು

ಕಾಗದ, ಪೆನ್ಸಿಲ್, ಧ್ವನಿ ಮುದ್ರಿಸುವ ಮೊಬೈಲ್. ಉಚ್ಚಾರಣೆಯನ್ನು ಕೇಳಿಸುವ ಒಂದು ಜರ್ಮನ್ ನಿಘಂಟು. ದುಡೆನ್ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಕಾಗುಣಿತ ಪರೀಕ್ಷಿಸಲು ಸ್ವಿಟ್ಜರ್ಲೆಂಡ್ ಸರ್ಕಾರದ ಭೂಮಾಪನ ಕಚೇರಿಯಾದ ಸ್ವಿಸ್‌ಟೋಪೋದ ನಕ್ಷೆ. ಅದೂ ಅಂತರ್ಜಾಲದಲ್ಲಿದೆ.

ಬೇಡವಾದದ್ದನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿಗೆ ಹೊಂದಿಸಿದ ಮೊಬೈಲ್ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದರೆ ಅದನ್ನು ನಂಬಬೇಡಿ. ಅದಕ್ಕೂ ನಮ್ಮ ಹಾಗೆಯೇ ಕಣ್ಣಿಗೆ ಕಂಡದ್ದನ್ನು ಇಂಗ್ಲಿಷಾಗಿ ಓದುವ ಚಟವಿದೆ. ಭಾಷೆಯನ್ನು ಜರ್ಮನ್‌ಗೆ ಬದಲಿಸಿ ಕೇಳಿ.

ಹಂತ 1: ಹೆಸರನ್ನು ಒಡೆಯಿರಿ

ಇಂಗ್ಲಿಷ್ ಅಕ್ಷರಗಳಲ್ಲಿ ಈ ಹೆಸರಿಗೆ ಹನ್ನೆರಡು ಅಕ್ಷರ. ಕಾಗದದ ಮೇಲೆ ಒಂದೇ ಸಾಲಿನಲ್ಲಿ ಬರೆದು, ನಾಲ್ಕು ನಾಲ್ಕು ಅಕ್ಷರಕ್ಕೊಂದು ಗೆರೆ ಎಳೆಯಿರಿ. ಮೊದಲ ತುಂಡು ಜೆ, ಯು, ಎನ್, ಜಿ. ಎರಡನೆಯದು ಎಫ್, ಆರ್, ಎ, ಯು. ಮೂರನೆಯದು ಜೆ, ಓ, ಸಿ, ಎಚ್. ಅಳೆದು ಕತ್ತರಿಸಿದ ಹಾಗೆ ಮೂರು ಸಮ ತುಂಡು. ಆಲ್ಪ್ಸ್ ಪರ್ವತದ ಹೆಸರುಗಳಲ್ಲಿ ಇಷ್ಟು ಸುಲಭವಾಗಿ ಒಡೆಯುವಂಥವು ಕಡಿಮೆ.

ಗೆರೆ ಎಳೆಯದೆ ಓದಿದವರ ಕಣ್ಣು ನಡುವಿನ ಯು ಮತ್ತು ಜೆ ಅಕ್ಷರಗಳನ್ನು ಸೇರಿಸಿ ಓದುತ್ತದೆ, ಹೆಸರು 'ಫ್ರಾಉಜೋ' ಎಂದು ಗೋಜಲಾಗುತ್ತದೆ. ಆ ಗೋಜಲಿನಿಂದ ಪಾರಾಗಲು ಸ್ವರವೊಂದನ್ನು ನುಂಗುತ್ತೇವೆ. 'ಜಂಗ್‌ಫ್ರಾಜೋಚ್' ಹುಟ್ಟುವುದು ಹೀಗೆ. ಗುರುತು ಸುಲಭ: ಈ ಹೆಸರಿನಲ್ಲಿ ಎರಡು ಜೆ ಇವೆ, ಎರಡೂ ಒಂದೊಂದು ತುಂಡಿನ ತಲೆಯಲ್ಲಿವೆ.

ಕನ್ನಡಿಗರಿಗೆ ಈ ಕಟ್ಟು ಹೊಸದೇನೂ ಅಲ್ಲ. ಕೆಮ್ಮಣ್ಣುಗುಂಡಿಯನ್ನು ಒಡೆದು ನೋಡಿ: ಕೆಂಪು, ಮಣ್ಣು, ಗುಂಡಿ. ಮೊದಲು ಗುಣ, ಆಮೇಲೆ ಅದನ್ನು ಹೊತ್ತ ನಾಮಪದ, ಕೊನೆಯಲ್ಲಿ ಅದು ನೆಲದ ಮೇಲೆ ಎಂಥ ಜಾಗ ಎಂಬ ಪದ. ನಮ್ಮ ಜರ್ಮನ್ ಹೆಸರೂ ಅಕ್ಷರಶಃ ಹೀಗೆಯೇ ಇದೆ. ಜರ್ಮನ್ ಜೋಡುಪದಗಳಲ್ಲಿ ಕೊನೆಯ ತುಂಡೇ ಯಜಮಾನ. ಉಳಿದವು ಅದಕ್ಕೆ ಹಚ್ಚಿದ ವಿಶೇಷಣಗಳು. ಇದನ್ನು ನೆನಪಿಡಿ, ನಾಲ್ಕನೆಯ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ತುಂಡುಗಳ ಅರ್ಥ ಬರೆದುಕೊಳ್ಳಿ

ಮೊದಲ ತುಂಡು 'ಯುಂಗ್', ಎಂದರೆ ಎಳೆಯ. ಎರಡನೆಯದು 'ಫ್ರೌ', ಎಂದರೆ ಹೆಂಗಸು. ಎರಡೂ ಸೇರಿ ಒಂದೇ ಪದವಾದಾಗ ಅರ್ಥ ಬಿಗಿಯಾಗುತ್ತದೆ: ಕನ್ಯೆ. ಪಂಚಾಂಗದ ಕನ್ಯಾ ರಾಶಿಗೂ ಜರ್ಮನ್ ಭಾಷೆಯಲ್ಲಿ ಇದೇ ಹೆಸರು. ಪ್ರವಾಸದ ತಯಾರಿಗೆಂದು ಜರ್ಮನ್ ತಾಣಗಳಲ್ಲಿ 'ಯುಂಗ್‌ಫ್ರೌ' ಎಂದು ಹುಡುಕಿ, ರೈಲಿನ ವೇಳೆಯ ಬದಲು ದಿನಭವಿಷ್ಯ ಸಿಕ್ಕಿತೆಂದು ಗಾಬರಿಯಾದವರಿದ್ದಾರೆ. ನೀವು ಗಾಬರಿಯಾಗಬೇಡಿ.

ಇಲ್ಲೊಂದು ಎಚ್ಚರಿಕೆ. ಎರಡು ಪದವಾಗಿ ಬಿಡಿಸಿ, ಮೊದಲನೆಯದಕ್ಕೆ ಒಂದು ಇ ಸೇರಿಸಿ ಬರೆದರೆ ಅರ್ಥ 'ಯುವತಿ' ಎಂದಷ್ಟೇ ಆಗುತ್ತದೆ. ಕನ್ಯೆಯೂ ಇಲ್ಲ, ಪರ್ವತವೂ ಇಲ್ಲ. ಹೆಸರಿನ ನಡುವೆ ಜಾಗ ಬಿಡಬಾರದು ಎನ್ನುವುದು ಕಾಗುಣಿತದ ಶಿಸ್ತಿನ ಮಾತಷ್ಟೇ ಅಲ್ಲ.

ಪರ್ವತಕ್ಕೆ ಈ ಹೆಸರು ಏಕೆ ಬಂತು? ಹಿಮದ ಸೀರೆ ಉಟ್ಟ ಕನ್ಯೆ ಎಂಬ ಪ್ರವಾಸಿ ವಿವರಣೆಯನ್ನು ಬರಹಕ್ಕೆ ಸೇರಿಸುವ ಮೊದಲು ಇದನ್ನು ತಿಳಿದುಕೊಳ್ಳಿ. ಪರ್ವತದ ಎದುರಿನ ವೆಂಗರ್ನಾಲ್ಪ್ ಎಂಬ ಮೇಯಿಸುವ ಹುಲ್ಲುಗಾವಲು ಹಿಂದೆ ಇಂಟರ್‌ಲಾಕನ್ ಮಠದ ಸನ್ಯಾಸಿನಿಯರಿಗೆ ಸೇರಿತ್ತು. ಕನ್ಯೆಯರ ಬೆಟ್ಟ ಎಂಬ ಹೆಸರು ಆ ಹುಲ್ಲುಗಾವಲಿಗೆ ಬಂದು, ಅಲ್ಲಿಂದ ಶಿಖರಕ್ಕೆ ಹತ್ತಿತು ಎನ್ನುವುದು ವಿದ್ವಾಂಸರು ಹೆಚ್ಚಾಗಿ ಒಪ್ಪುವ ವಿವರಣೆ. ಪಕ್ಕದ ಎರಡು ಶಿಖರಗಳಲ್ಲಿ ಐಗರ್ ರಾಕ್ಷಸ, ಮ್ಯೊಂಖ್ ಸನ್ಯಾಸಿ, ಸನ್ಯಾಸಿ ನಡುವೆ ನಿಂತು ಕನ್ಯೆಯನ್ನು ಕಾಯುತ್ತಿದ್ದಾನೆ ಎಂಬ ಕತೆ ಮಾರ್ಗದರ್ಶಕರ ಬಾಯಲ್ಲಿ ಚೆನ್ನಾಗಿ ಓಡುತ್ತದೆ. ಕತೆಯಾಗಿ ಹೇಳಿ, ಪದದ ವ್ಯುತ್ಪತ್ತಿ ಎಂದು ಬರೆಯಬೇಡಿ. ಐಗರ್ ಹೆಸರು 1252ರ ಒಂದು ಆಸ್ತಿ ಪತ್ರದಲ್ಲೇ 'ಎಗೆರೆ' ಎಂಬ ರೂಪದಲ್ಲಿದೆ.

ಇನ್ನು ಮೂರನೆಯ ತುಂಡು. 'ಯೊಖ್' ಎಂದರೆ ನೊಗ. ಜೋಡೆತ್ತಿನ ಕುತ್ತಿಗೆಯ ಮೇಲೆ ಕೂರುವ ಅದೇ ನೊಗ. ಇಂಗ್ಲಿಷಿನ 'ಯೋಕ್', ಸಂಸ್ಕೃತದಲ್ಲಿ ನೊಗ ಎಂಬ ಅರ್ಥವೂ ಇರುವ 'ಯುಗ', ಜೋಡಿಸು ಎಂಬ ಅರ್ಥದ 'ಯುಜ್' ಧಾತು, ಅದರಿಂದ ಬಂದ 'ಯೋಗ', ಎಲ್ಲವೂ ಒಂದೇ ಬೇರಿನ ಚಿಗುರುಗಳು. ಆಸ್ಟ್ರಿಯದಲ್ಲಿ ಹಿಂದೆ ಹೊಲವನ್ನೂ ಯೊಖ್ ಲೆಕ್ಕದಲ್ಲಿ ಅಳೆಯುತ್ತಿದ್ದರು: ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ. ಪರ್ವತದ ಮಾತಿಗೆ ಬಂದಾಗ ಯೊಖ್ ಎಂದರೆ ಎರಡು ಶಿಖರಗಳನ್ನು ಜೋಡಿಸುವ ತಗ್ಗು. ಎಡಬಲಕ್ಕೆ ಏರು, ನಡುವೆ ಬಾಗಿದ ಬೆನ್ನು. ಯುಂಗ್‌ಫ್ರೌಯೊಖ್ ಯುಂಗ್‌ಫ್ರೌ ಮತ್ತು ಮ್ಯೊಂಖ್ ಶಿಖರಗಳ ನಡುವಿನ ಹಾಗಿನ ತಗ್ಗು.

ಸಂಸ್ಕೃತದ ನಂಟು ಸಿಕ್ಕಿದ ಉತ್ಸಾಹದಲ್ಲಿ ಹೆಸರನ್ನು 'ಕನ್ಯಾನೊಗ' ಎಂದು ಅನುವಾದಿಸುವವರಿಗೆ ಒಂದು ವಿನಂತಿ: ಬೇಡ. ಅರ್ಥ ತಿಳಿದುಕೊಳ್ಳುವುದು ನುಡಿಯಲು ಮತ್ತು ಬಳಸಲು. ಯುಜ್, ಯುಗ, ಯೋಗ ನೆನಪಿದ್ದರೆ ಜೆ ಅಕ್ಷರ ಕಂಡಾಗ ನಿಮ್ಮ ಬಾಯಿಗೆ 'ಯ' ತಾನಾಗಿ ಬರುತ್ತದೆ. ನಮಗೆ ಬೇಕಾದ ಲಾಭ ಅಷ್ಟೇ.

ಹಂತ 3: ಬಾಯಿಗೆ ತನ್ನಿ

ಇಡೀ ಹೆಸರನ್ನು ಒಮ್ಮೆಲೇ ಹೇಳಲು ಹೋಗಬೇಡಿ. ತುಂಡುತುಂಡಾಗಿ, ಒಂದೊಂದನ್ನು ಹತ್ತು ಸಲ.

*'ಯುಂಗ್'.* ಜೆ ಇಲ್ಲಿ 'ಯ'. ಸ್ವರ ಹ್ರಸ್ವ 'ಉ'. ಇಂಗ್ಲಿಷಿನ 'ಯಂಗ್' ಎಂಬ ಪದ ನಾಲಿಗೆಗೆ ಅಡ್ಡ ಬರುತ್ತದೆ, ಅದನ್ನು ಸರಿಸಿ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ಹೆಸರಿನಲ್ಲೂ ಇದೇ ನಾಲ್ಕು ಅಕ್ಷರಗಳಿವೆ. ಅವರೂ ಸ್ವಿಸ್ ನೆಲದವರೇ. ಕನ್ನಡದ ಮುದ್ರಣದಲ್ಲಿ ಅವರಿಗೆ ದೀರ್ಘ ಕೊಟ್ಟುಬಿಟ್ಟಿದ್ದೇವೆ, ಮೂಲದಲ್ಲಿ ಅದೂ ಹ್ರಸ್ವವೇ.

ತುಂಡಿನ ಕೊನೆಯಲ್ಲಿ ಸೂಕ್ಷ್ಮವಿದೆ. ಅಲ್ಲಿ 'ಗ' ಪೂರ್ತಿ ಸಿಡಿಯುವುದಿಲ್ಲ. 'ಮಂಗ' ಎಂದು ಹೇಳಲು ಶುರುಮಾಡಿ, 'ಗ' ಒಡೆಯುವ ಕ್ಷಣಕ್ಕೆ ಮೊದಲೇ ನಿಲ್ಲಿಸಿ. ಮೂಗಿನಲ್ಲಿ ಇನ್ನೂ ನಾದವಿದೆ, ನಾಲಿಗೆಯ ಹಿಂಭಾಗ ಅಂಗುಳಕ್ಕೆ ಅಂಟಿಕೊಂಡಿದೆ. ಆ ನಾದವೇ ಬೇಕಾದದ್ದು. ಒಂದನೆಯ ತರಗತಿಯಲ್ಲಿ ಕ ವರ್ಗದ ಕೊನೆಗೆ ಬಾಯಿಪಾಠ ಮಾಡಿ, ಆಮೇಲೆ ಜೀವಮಾನದಲ್ಲಿ ಬಿಡಿಯಾಗಿ ಬರೆಯದೇ ಉಳಿದ 'ಙ' ನೆನಪಿದೆಯೆ? ಇದು ಅದೇ. ಕೊನೆಗೂ ಒಂದು ಕೆಲಸಕ್ಕೆ ಬಂತು.

*'ಫ್ರೌ'.* 'ಹಾವು' ಎಂದು ಹೇಳಿ, ಕೊನೆಯ ಉಕಾರವನ್ನು ನುಂಗಿ. ಉಳಿದ 'ಆವ್' ನಾದ ಈ ತುಂಡಿನ ಸ್ವರಕ್ಕೆ ಬಹಳ ಹತ್ತಿರ. 'ಫ್ರಾ' ಎಂದು ಅರ್ಧಕ್ಕೆ ನಿಲ್ಲಿಸುವುದು ಒಂದು ತಪ್ಪು, 'ಫ್ರೋ' ಎನ್ನುವುದು ಇನ್ನೊಂದು. ಫಕಾರವನ್ನು 'ಫಲ' ಎನ್ನುವಾಗಿನಂತೆ ತುಟಿ ಮುಚ್ಚಿ ಹೇಳಬಾರದು. ಮೇಲಿನ ಹಲ್ಲು ಕೆಳತುಟಿಗೆ ತಾಗಿ, 'ಫೋನ್' ಎನ್ನುವಾಗಿನಂತೆ ಉಸಿರು ಹೊರಡಬೇಕು. ರಕಾರದ ಚಿಂತೆ ಬೇಡ. ಜರ್ಮನಿಯ ಬಹುಪಾಲು ಕಡೆ ಅದು ಗಂಟಲಿನಿಂದ ಬರುತ್ತದೆ, ಆದರೆ ಬೆರ್ನ್ ಸೀಮೆಯವರು ನಮ್ಮಂತೆಯೇ ನಾಲಿಗೆಯ ತುದಿ ಕುಣಿಸುತ್ತಾರೆ.

*'ಯೊಖ್'.* ಜನ ಹೆಚ್ಚಾಗಿ ಸೋಲುವುದು ಇಲ್ಲಿ, ಅದಕ್ಕೇ ಇಲ್ಲಿ ತುಸು ನಿಲ್ಲೋಣ.

ಮೊದಲಿಗೆ ಸ್ವರ. ಅದು ಹ್ರಸ್ವ: 'ಒಡೆ', 'ಕೊಡೆ' ಪದಗಳ ಒ. 'ಯೋ' ಎಂದು ಎಳೆಯಬೇಡಿ. ಇಂಗ್ಲಿಷಿನ ಲಿಪಿಗಾಗಲಿ ದೇವನಾಗರಿಯ ದಿನಬಳಕೆಗಾಗಲಿ ಒ ಮತ್ತು ಓ ನಡುವಿನ ಈ ಭೇದವನ್ನು ತೋರಿಸಲು ಸಲೀಸಾದ ದಾರಿ ಇಲ್ಲ. ನಮಗೆ ಎರಡಕ್ಕೂ ಬೇರೆ ಬೇರೆ ಅಕ್ಷರಗಳಿವೆ. ಇಷ್ಟಿದ್ದೂ ನಮ್ಮವರು 'ಯೋಕ್' ಎಂದೇ ಬರೆಯುತ್ತಾರೆ, ಏಕೆಂದರೆ ಇಂಗ್ಲಿಷಿನ ಓ ಕಂಡ ಕೂಡಲೇ ಕೈ ದೀರ್ಘಕ್ಕೆ ಹೋಗುತ್ತದೆ.

ಆಮೇಲೆ ಕೊನೆಯ ಸಿ ಮತ್ತು ಎಚ್. ಅದು ಚಕಾರ ಅಲ್ಲವೇ ಅಲ್ಲ. ಕಕಾರವೂ ಅಲ್ಲ, ನಮ್ಮ ಮಹಾಪ್ರಾಣ ಖಕಾರವೂ ಅಲ್ಲ. 'ಕ್' ಹೇಳುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಉಸಿರಿನ ದಾರಿಯನ್ನು ಪೂರ್ತಿ ಮುಚ್ಚುತ್ತದೆ. ಇಲ್ಲಿ ಅಷ್ಟು ಮುಚ್ಚಬಾರದು. ಕೂದಲೆಳೆಯಷ್ಟು ಸಂದು ಬಿಟ್ಟು, ಅಲ್ಲಿಂದ ಉಸಿರು ಉಜ್ಜಿಕೊಂಡು ಹೊರಬರಬೇಕು. ಕಲಬುರಗಿಯಲ್ಲೋ ಬೆಂಗಳೂರಿನ ಶಿವಾಜಿನಗರದಲ್ಲೋ ಉರ್ದು ಮನೆಮಾತಿನವರು 'ಖಬರ್', 'ಖಾಲಾ' ಎನ್ನುವುದನ್ನು ಕಿವಿಗೊಟ್ಟು ಕೇಳಿ. ಅವರ ಆ 'ಖ' ಇದೇ. ಅಂಥ ಗೆಳೆಯರಿದ್ದರೆ ನಿಘಂಟಿನ ಧ್ವನಿಗಿಂತ ಅವರು ಒಳ್ಳೆಯ ಮೇಷ್ಟರು, ತಪ್ಪಾದಾಗ ನಗುತ್ತಾರೆ.

ಸರಿ ಬಂತೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆ ಇದು. 'ಯೊ' ಎಂದು ಹೇಳಿ ಕೊನೆಯ ವ್ಯಂಜನವನ್ನು ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಎಳೆಯಿರಿ. ಎಳೆಯಲು ಬಂದರೆ ಸರಿಯಾಗಿದೆ. 'ಟಕ್' ಎಂದು ಮುಗಿದುಹೋದರೆ ನೀವು ಇನ್ನೂ ಕ್ ಅಥವಾ ಖ್ ಹೇಳುತ್ತಿದ್ದೀರಿ. ಅವೆರಡನ್ನೂ ಎಳೆಯಲು ಸಾಧ್ಯವಿಲ್ಲ. ಗಂಟಲು ಉರಿಯತೊಡಗಿದರೆ ಅತಿಯಾಗಿದೆ ಎಂದು ಅರ್ಥ. ಕಫ ತೆಗೆಯುವಷ್ಟು ಬಲ ಬೇಡ.

ಇಂಗ್ಲಿಷಿನಲ್ಲಿ ಮಾತನಾಡುವಾಗ ಇಷ್ಟೆಲ್ಲ ಅಗತ್ಯವೆ ಎಂದು ಕೇಳುವವರುಂಟು. ಇಂಗ್ಲಿಷ್ ಮಾತೃಭಾಷೆಯವರಲ್ಲೇ ಅನೇಕರು ಕೊನೆಗೆ 'ಕ್' ಹಾಕಿ ಮುಗಿಸುತ್ತಾರೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಹಾಗಾಗಿ 'ಯೊಕ್' ನಡೆಯುತ್ತದೆ. 'ಜೋಚ್' ಮಾತ್ರ ಯಾವ ಭಾಷೆಯಲ್ಲೂ ನಡೆಯುವುದಿಲ್ಲ.

*ಒತ್ತು.* ಮೂರೂ ತುಂಡು ಕೂಡಿದ ಮೇಲೆ ಬಲ ಮೊದಲ ತುಂಡಿನ ಮೇಲೆ, ಅದಕ್ಕಿಂತ ಕಡಿಮೆ ಬಲ ಮೂರನೆಯದರ ಮೇಲೆ, ನಡುವಿನದು ಹಗುರ. ಕನ್ನಡದವರು ಮೂರಕ್ಕೂ ಸಮ ತೂಕ ಹಾಕುತ್ತಾರೆ, ಕೇಳುವವರಿಗೆ ಮೂರು ಬೇರೆ ಪದಗಳಂತೆ ಕೇಳುತ್ತದೆ. ಮೊಬೈಲಿನಲ್ಲಿ ಮುದ್ರಿಸಿ ನಿಘಂಟಿನ ಧ್ವನಿಯೊಂದಿಗೆ ಹೋಲಿಸಿ. ಎರಡನ್ನೂ ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸ ಬೇಗ ಸಿಗುತ್ತದೆ.

ಹಂತ 4: ಯಾವುದರ ಮಾತು ಎಂದು ತೀರ್ಮಾನಿಸಿ

ವಾಕ್ಯ ಬರೆಯುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ಶಿಖರವೇ, ತಗ್ಗೇ, ರೈಲು ನಿಲ್ದಾಣವೇ, ರೈಲು ಮಾರ್ಗವೇ, ಸೀಮೆಯೇ? ಈ ಐದೂ ಒಂದೇ ಮೊದಲ ಪದವನ್ನು ಹಂಚಿಕೊಂಡಿವೆ. ಮೇಲೆ ಹೇಳಿದ ಯಜಮಾನ ಪದದ ನಿಯಮ ಇಲ್ಲಿ ಕೈಹಿಡಿಯುತ್ತದೆ.

'ಯುಂಗ್‌ಫ್ರೌ' ಎಂದಷ್ಟೇ ಅಂದರೆ 4158 ಮೀಟರ್ ಎತ್ತರದ ಶಿಖರ. ಕೊನೆಗೆ ಯೊಖ್ ಬಂದರೆ ಅದರ ಪಕ್ಕದ ತಗ್ಗು, ಹಾಗೂ ಅಲ್ಲಿ ಬಂಡೆಯೊಳಗೆ ಕೊರೆದ ನಿಲ್ದಾಣ. ನಿಲ್ದಾಣದ ಎತ್ತರ 3454 ಮೀಟರ್. 'ಬಾನ್' ಬಂದರೆ ರೈಲು ಮಾರ್ಗ. ಇಂಗ್ಲಿಷಿನಲ್ಲಿ ಅದನ್ನು 'ಯುಂಗ್‌ಫ್ರೌ ರೈಲ್ವೆ' ಎನ್ನುತ್ತಾರೆ. 1896ರಲ್ಲಿ ಕೆಲಸ ಶುರುವಾಗಿ 1912ರ ಆಗಸ್ಟ್ 1ರಂದು ತುದಿಯ ನಿಲ್ದಾಣದವರೆಗೆ ತೆರೆದ, ಕ್ಲೈನ ಶೈಡೆಕ್ ಎಂಬ ಕೆಳಗಿನ ನಿಲ್ದಾಣದಿಂದ 9 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದದ ಮಾರ್ಗ ಅದು, ಬಹುಪಾಲು ಸುರಂಗದೊಳಗೆ. 'ಯುಂಗ್‌ಫ್ರೌ ರೀಜನ್' ಎಂದರೆ ಗ್ರಿಂಡಲ್‌ವಾಲ್ಟ್, ವೆಂಗನ್, ಲೌಟರ್‌ಬ್ರುನನ್ ಊರುಗಳೆಲ್ಲ ಸೇರಿದ ಸೀಮೆ.

ಇದನ್ನು ತೀರ್ಮಾನಿಸದೆ ಬರೆದವರು ಮಾಡುವ ದೊಡ್ಡ ತಪ್ಪು 'ಯುಂಗ್‌ಫ್ರೌ ಹತ್ತಿದೆವು' ಎನ್ನುವುದು. ರೈಲು ನಿಮ್ಮನ್ನು ಇಳಿಸುವ ನಿಲ್ದಾಣಕ್ಕೂ ಶಿಖರದ ತುದಿಗೂ 704 ಮೀಟರ್ ಅಂತರವಿದೆ. ಅದನ್ನು ದಾಟಲು ಹಗ್ಗ, ಮುಳ್ಳುಬೂಟು, ಮಾರ್ಗದರ್ಶಕ ಬೇಕು. 1811ರಲ್ಲಿ ಆರೌ ಊರಿನ ಮೆಯರ್ ಸೋದರರು ಮೊದಲ ಬಾರಿಗೆ ಏರಿದ್ದು ಆ ತುದಿಗೆ. ನೀವು ಬಿಸಿ ಕಾಫಿ ಕುಡಿದು ಬಂದದ್ದು ತಗ್ಗಿಗೆ. ಇಂಗ್ಲಿಷಿನಲ್ಲಿ ಬರೆಯುವಾಗ 'ಕ್ಲೈಂಬ್' ಕ್ರಿಯಾಪದವನ್ನು ಅವರಿಗೆ ಬಿಟ್ಟುಕೊಟ್ಟು, ರೈಲಿನಲ್ಲಿ ಹೋದೆವು ಎಂದು ಬರೆಯಿರಿ.

'ಟಾಪ್ ಆಫ್ ಯುರೋಪ್' ಎಂಬ ಫಲಕವೂ ಇದೇ ಗೊಂದಲಕ್ಕೆ ತುಪ್ಪ ಸುರಿಯುತ್ತದೆ. ಅದು ಪ್ರಚಾರಕ್ಕೆ ಇಟ್ಟ ಹೆಸರು. ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ ಎಂದರೆ ಸರಿ, ಯುರೋಪಿನ ಅತಿ ಎತ್ತರದ ಜಾಗ ಎಂದರೆ ಸುಳ್ಳು. ನಮ್ಮ ಪತ್ರಿಕೆಗಳು 'ಮಾಂಟ್ ಬ್ಲಾಂಕ್' ಎಂದು ಬರೆಯುವ ಶಿಖರವೇ 4800 ಮೀಟರ್ ದಾಟಿದೆ.

ಹಂತ 5: ಇಂಗ್ಲಿಷ್ ವಾಕ್ಯದಲ್ಲಿ ಕೂರಿಸಿ

*'ದ' ಬೇಕೆ, ಬೇಡವೆ.* ಶಾಲೆಯಲ್ಲಿ ಕಲಿತ ನಿಯಮ ಒಂಟಿ ಶಿಖರಕ್ಕೆ 'ದ' ಬೇಡ ಎನ್ನುತ್ತದೆ. ಎವರೆಸ್ಟಿಗೆ ಅದು ಸರಿ. ಆದರೆ ಜರ್ಮನ್ ಹೆಸರಿನ ಆಲ್ಪ್ಸ್ ಶಿಖರಗಳಿಗೆ ಇಂಗ್ಲಿಷ್ 'ದ' ಹಚ್ಚುತ್ತದೆ: ದ ಐಗರ್, ದ ಮ್ಯಾಟರ್‌ಹಾರ್ನ್, ದ ಯುಂಗ್‌ಫ್ರೌ. ಯೊಖ್ ಸೇರಿದ ಹೆಸರಿಗೆ ಎರಡೂ ರೂಢಿಯಿದೆ, ಅರ್ಥ ನೋಡಿ ಆರಿಸಿ. ಹಿಮದ ತಗ್ಗಿನ ಮಾತಾದರೆ 'ದ' ಹಾಕಿ. ನಿಲ್ದಾಣ ಅಥವಾ ಟಿಕೆಟಿನ ಮಾತಾದರೆ ಬೇಡ, ಯಾವ ನಿಲ್ದಾಣದ ಹೆಸರಿಗೂ ನಾವು ಅದನ್ನು ಹಾಕುವುದಿಲ್ಲ. ವಿಜ್ಞಾನದ ಲೇಖನಗಳಲ್ಲಿ ಅಲ್ಲಿನ ಗಾಳಿಯ ಅಳತೆಗಳನ್ನು ಹೇಳುವಾಗಲೂ ಸಾಮಾನ್ಯವಾಗಿ 'ದ' ಇಲ್ಲದ ಹೆಸರೇ ಬರುತ್ತದೆ. 1931ರಿಂದ ಅಲ್ಲಿ ಎತ್ತರ ಪ್ರದೇಶದ ಸಂಶೋಧನಾ ಕೇಂದ್ರವಿದೆ, ಬರೆಯುವವರ ಮನಸ್ಸಿನಲ್ಲಿರುವುದು ಆ ಕೇಂದ್ರ.

*'ಮೌಂಟ್' ಬೇಡ.* ಯುಂಗ್‌ಫ್ರೌ ಮೊದಲು ಮೌಂಟ್ ಹಚ್ಚುವ ರೂಢಿ ಇಂಗ್ಲಿಷಿನಲ್ಲಿ ಇಲ್ಲ. ಅದನ್ನು ಹಚ್ಚಿದ್ದು ಪ್ರವಾಸದ ಕರಪತ್ರಗಳು.

*'ಪಾಸ್' ಕೂಡ ಬೇಡ.* ಯೊಖ್ ಎಂಬಲ್ಲೇ ತಗ್ಗು ಇದೆ. ಅದರ ಮುಂದೆ ಪಾಸ್ ಸೇರಿಸಿದರೆ 'ನಂದಿಬೆಟ್ಟ ಹಿಲ್ಸ್' ಎಂದ ಹಾಗಾಯಿತು. ರಸ್ತೆ ದಾಟಿ ಹೋಗುವ ಯೊಖ್‌ಗಳ ಕತೆ ಬೇರೆ. ಇಟಲಿಯಲ್ಲಿರುವ 'ಸ್ಟಿಲ್ಫ್‌ಸರ್ ಯೊಖ್' ಎಂಬ ಜರ್ಮನ್ ಹೆಸರಿನ ದಾರಿಯನ್ನು ಇಂಗ್ಲಿಷ್ ಇಟಾಲಿಯನ್ ಮೂಲಕ ಪಡೆದು 'ಸ್ಟೆಲ್ವಿಯೊ ಪಾಸ್' ಎನ್ನುತ್ತದೆ. ಅಲ್ಲಿ ಯೊಖ್ ಹೋಗಿ ಪಾಸ್ ಬಂದಿದೆ, ಎರಡೂ ಒಟ್ಟಿಗೆ ಕೂತಿಲ್ಲ ಎನ್ನುವುದನ್ನು ಗಮನಿಸಿ.

*ವಿಭಕ್ತಿಯ ಜಾಗದ ಪದಗಳು.* ಕನ್ನಡದಲ್ಲಿ 'ಅಲ್ಲಿ' ಒಂದೇ ಪ್ರತ್ಯಯ ಎಲ್ಲ ಕೆಲಸ ಮಾಡಿಬಿಡುತ್ತದೆ: ಶಿಖರದಲ್ಲಿ, ನಿಲ್ದಾಣದಲ್ಲಿ, ಸೀಮೆಯಲ್ಲಿ. ಅದಕ್ಕೇ ನಮ್ಮವರ ಇಂಗ್ಲಿಷಿನಲ್ಲಿ ಎಲ್ಲೆಲ್ಲೂ 'ಇನ್' ಕಾಣಿಸುತ್ತದೆ. ಶಿಖರಕ್ಕೆ 'ಆನ್', ನಿಲ್ದಾಣಕ್ಕೆ 'ಆ್ಯಟ್', ಸೀಮೆಗೆ ಮಾತ್ರ 'ಇನ್'. ತಗ್ಗಿಗೆ ಆನ್, ಆ್ಯಟ್ ಎರಡೂ ಒಪ್ಪುತ್ತವೆ. 'ಇನ್ ಯುಂಗ್‌ಫ್ರೌ' ಎಂದು ಬರೆದರೆ ನೀವು ಪರ್ವತದ ಹೊಟ್ಟೆಯೊಳಗೆ ಇದ್ದಿರಿ ಎಂದಾಗುತ್ತದೆ. ಸುರಂಗದ ವಿಷಯದಲ್ಲಿ ಅದೂ ಪೂರ್ತಿ ನಿಜವಲ್ಲ, ಸುರಂಗ ಹಾದುಹೋಗುವುದು ಐಗರ್ ಮತ್ತು ಮ್ಯೊಂಖ್ ಒಳಗಿನಿಂದ.

*ಕಾಗುಣಿತ.* ಒಂದೇ ಪದ, ಅಡ್ಡಗೆರೆ ಇಲ್ಲ, ನಡುವಿನ ಜೆ ಸಣ್ಣಕ್ಷರ. ಸಾಲಿನ ಕೊನೆಯಲ್ಲಿ ಮುರಿಯಲೇಬೇಕಾದರೆ ಮೊದಲ ಎಂಟು ಅಕ್ಷರಗಳ ನಂತರ ಮುರಿಯಿರಿ. ಮ್ಯೊಂಖ್ ಹೆಸರಿನ ಓ ಅಕ್ಷರದ ಮೇಲೆ ಎರಡು ಚುಕ್ಕಿಗಳಿವೆ. ಕೀಲಿಮಣೆಯಲ್ಲಿ ಅವು ಸಿಗದಿದ್ದರೆ ಓ ನಂತರ ಒಂದು ಇ ಬರೆಯುವುದು ಜರ್ಮನರೇ ಒಪ್ಪಿದ ದಾರಿ. ಚುಕ್ಕಿಯನ್ನು ಸುಮ್ಮನೆ ಉದುರಿಸಬೇಡಿ.

ಹಂತ 6: ಕನ್ನಡ ಲಿಪಿಗೆ ಇಳಿಸಿ

ಕನ್ನಡದಲ್ಲೂ ಬರೆಯುವವರಿಗೆ ಈ ಹಂತ. ನನ್ನ ಆಯ್ಕೆ 'ಯುಂಗ್‌ಫ್ರೌಯೊಖ್'. ಕೊನೆಯ ಖಕಾರ ಮೂಲದ ನಾದವಲ್ಲ ಎಂದು ಮೇಲೆಯೇ ಹೇಳಿದೆ. ಆದರೂ ಕಕಾರಕ್ಕಿಂತ ಇದು ಮೇಲು, ಇಲ್ಲೊಂದು ಬೇರೆ ನಾದವಿದೆ ಎಂದಾದರೂ ಓದುಗರಿಗೆ ತಿಳಿಯುತ್ತದೆ. 'ಯೊಹ್' ಎಂದು ಬರೆಯುವವರೂ ಇದ್ದಾರೆ. ಕನ್ನಡದಲ್ಲಿ ಪದದ ಕೊನೆಯ ಹ್ ಬಾಯಿಗೆ ನಿಲ್ಲುವುದಿಲ್ಲ, ಓದುಗರು ಅದನ್ನು ನುಂಗಿಬಿಡುತ್ತಾರೆ.

ಟೈಪ್ ಮಾಡುವಾಗಿನ ತೊಡಕು: 'ಗ್' ನಂತರ ನೇರವಾಗಿ 'ಫ್ರೌ' ಒತ್ತಿದರೆ ಗಣಕ ಅವನ್ನು ಒತ್ತಕ್ಷರ ಮಾಡಿ 'ಯುಂಗ್ಫ್ರೌ' ಎಂದು ಪೇರಿಸಿಡುತ್ತದೆ. ಗಕಾರದ ಕೆಳಗೆ ಫ, ಅದರ ಪಕ್ಕ ರ, ಓದುವವರಿಗೆ ಕಣ್ಣಿನ ಕಸರತ್ತು. ಒತ್ತು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದು ಕನ್ನಡ ಕೀಲಿಮಣೆಗಳಲ್ಲಿ ಇರುತ್ತದೆ. ಅದನ್ನು 'ಗ್' ಆದ ಮೇಲೆ ಹಾಕಿ. 'ಗ್' ಬಿಟ್ಟು ಸೊನ್ನೆಯ ಮುಂದೆಯೇ ಫಕಾರ ಬರೆಯುವ ಜಾಣತನವೂ ಬೇಡ. ಆಗ ಕನ್ನಡಿಗರ ಬಾಯಿ ಸೊನ್ನೆಯನ್ನು ಮಕಾರವಾಗಿ ಓದುತ್ತದೆ.

ಪ್ರತ್ಯಯ ಹಚ್ಚುವುದು ಸುಲಭ: ಯುಂಗ್‌ಫ್ರೌಯೊಖ್‌ಗೆ, ಯುಂಗ್‌ಫ್ರೌಯೊಖ್‌ನಲ್ಲಿ. ಬರಿಯ ಯುಂಗ್‌ಫ್ರೌಗೆ ಪ್ರತ್ಯಯ ಹಚ್ಚಿದರೆ ಔಕಾರದ ಮುಂದೆ ಅದು ತೊಡರುತ್ತದೆ. 'ಶಿಖರ' ಸೇರಿಸಿ ಯುಂಗ್‌ಫ್ರೌ ಶಿಖರಕ್ಕೆ ಎನ್ನಿ. ಆ ಹೆಸರಿನೊಳಗೆ ಬೆಟ್ಟ ಎಂಬ ಪದವಿಲ್ಲ, ಹಾಗಾಗಿ ಇಲ್ಲಿ ಪುನರುಕ್ತಿಯ ದೋಷವೂ ಇಲ್ಲ.

ಹಂತ 7: ದಾರಿಯ ಉಳಿದ ಹೆಸರುಗಳಿಗೆ ಹಚ್ಚಿ ನೋಡಿ

ಅದೇ ಕ್ರಮ, ಅದೇ ಪೆನ್ಸಿಲ್. ಗ್ರಿಂಡಲ್‌ವಾಲ್ಟ್ ಹೆಸರಿನಲ್ಲಿ ಡಬ್ಲ್ಯು ಅಕ್ಷರ 'ವ', ಕೊನೆಯ ಡಿ 'ಟ್'. 'ವಾಲ್ಟ್' ತುಂಡಿನ ಅರ್ಥ ಕಾಡು. ಲೌಟರ್‌ಬ್ರುನನ್ ಎಂದರೆ ತಿಳಿಯಾದ ಚಿಲುಮೆಗಳು, ಮೊದಲ ಸ್ವರ ನಮ್ಮ ಹಾವಿನದೇ. ವೆಂಗನ್ ಹೆಸರಿನಲ್ಲಿ ಮತ್ತೆ ಆ 'ಙ', ಗಕಾರ ಸಿಡಿಯದು. ಮ್ಯೊಂಖ್ ಸ್ವರಕ್ಕೆ ನಾಲಿಗೆಯನ್ನು 'ಎ' ಜಾಗದಲ್ಲಿಟ್ಟು ತುಟಿಯನ್ನು 'ಒ' ಮಾಡಿ. ಅದರ ಕೊನೆಯ ವ್ಯಂಜನ ಮಾತ್ರ ಯೊಖ್‌ನದಲ್ಲ. ಪಠ್ಯದ ಜರ್ಮನ್‌ನಲ್ಲಿ ಅದು ಇನ್ನೂ ಮುಂದೆ, 'ಹ್ಯ' ಹತ್ತಿರ ಹುಟ್ಟುತ್ತದೆ.

ಕ್ಲೈನ ಶೈಡೆಕ್ ಬಗ್ಗೆ ವಿಶೇಷ ಎಚ್ಚರ. ಇ ಮತ್ತು ಐ ಒಟ್ಟಿಗೆ ಬಂದರೆ ನಾದ 'ಐ', ಎರಡೂ ಪದಗಳಲ್ಲಿ. 'ಕ್ಲೈನ' ಎಂದರೆ ಸಣ್ಣದು, 'ಶೈಡೆಕ್' ಎಂದರೆ ಎರಡು ಕಣಿವೆಗಳನ್ನು ಬೇರ್ಪಡಿಸುವ ದಿಬ್ಬ. ಪಕ್ಕದಲ್ಲೇ 'ಗ್ರೋಸ' ಶೈಡೆಕ್, ಎಂದರೆ ದೊಡ್ಡದು, ಕೂಡ ಇದೆ. ಸಣ್ಣದರ ಎತ್ತರ 2061 ಮೀಟರ್, ದೊಡ್ಡದರದ್ದು 1962. ಹೆಸರು ನೋಡಿ ಎತ್ತರ ಊಹಿಸಿ ಬರೆದವರ ಪ್ರತಿಯನ್ನು ನಾನು ತಿದ್ದಿದ್ದೇನೆ. ರೈಲು ಬದಲಿಸುವುದು ಸಣ್ಣದರಲ್ಲಿ. 2020ರ ಡಿಸೆಂಬರಿನಿಂದ ಗ್ರಿಂಡಲ್‌ವಾಲ್ಟ್ ಕಡೆಯಿಂದ ತಂತಿ ತೊಟ್ಟಿಲಿನಲ್ಲಿ, ಅದೇ ಮಾರ್ಗದಲ್ಲಿ ಮುಂದಿರುವ ಐಗರ್‌ಗ್ಲೆಟ್ಶರ್ ನಿಲ್ದಾಣಕ್ಕೆ ನೇರವಾಗಿ ಹೋಗಬಹುದಾದ್ದರಿಂದ, ನೀವು ಯಾವ ದಾರಿಯಲ್ಲಿ ಹೋದಿರಿ ಎಂದು ಬರೆಯುವ ಮೊದಲು ಟಿಕೆಟನ್ನೊಮ್ಮೆ ತೆಗೆದು ನೋಡಿ.

ಈ ನಿಯಮಗಳು ಜರ್ಮನ್ ಮಾತಿನ ಆಲ್ಪ್ಸ್‌ಗೆ ಮಾತ್ರ. ಗಡಿಯಾಚೆಯ ಫ್ರಾನ್ಸಿನ ಶಾಮೊನಿಗೆ ಇದನ್ನು ಹಚ್ಚಿದರೆ ಕೆಡುತ್ತದೆ. ಅಲ್ಲಿ ಕೊನೆಯ ಎಕ್ಸ್ ಅಕ್ಷರಕ್ಕೆ ಧ್ವನಿಯೇ ಇಲ್ಲ, ಸಿ ಮತ್ತು ಎಚ್ ಸೇರಿ 'ಶ' ಆಗುತ್ತವೆ.

ಕೆಟ್ಟಿತೆಂದು ತೋರಿಸುವ ಗುರುತುಗಳು

ಟಿಕೆಟ್ ಕಿಟಕಿಯಲ್ಲಿ ನೀವು ಹೆಸರು ಹೇಳಿದ ಮೇಲೆ ಒಳಗಿನವರು 'ಟಾಪ್ ಆಫ್ ಯುರೋಪ್?' ಎಂದು ಮರುಪ್ರಶ್ನೆ ಹಾಕಿದರೆ, ನಿಮ್ಮ ಉಚ್ಚಾರಣೆ ಅವರಿಗೆ ತಲುಪಿಲ್ಲ. ನಿಮ್ಮ ಮುಖ ನೋಡಿ ಊಹಿಸಿದ್ದಾರೆ. ಕೂಡಲೇ ತಲೆಯಾಡಿಸದೆ ಎರಡನೆಯ ಸಲ ನಿಧಾನವಾಗಿ ಹೇಳಿ, ಮೊದಲ ತುಂಡಿಗೆ ಬಲ ಕೊಟ್ಟು.

ಬರಹದ ಮಟ್ಟಿಗೆ ಗಣಕದ ಹುಡುಕುವ ಸೌಲಭ್ಯವೇ ಸಾಕು. ಕಡತದಲ್ಲಿ ಮೊದಲ ನಾಲ್ಕು ಅಕ್ಷರಗಳನ್ನಷ್ಟೇ ಹುಡುಕಿ, ಸಿಕ್ಕಿದ ಪ್ರತಿ ಜಾಗದಲ್ಲೂ ನಿಂತು ಮೂರು ಪ್ರಶ್ನೆ ಕೇಳಿ: ಶಿಖರವೋ ನಿಲ್ದಾಣವೋ? ಹಿಂದೆ 'ದ' ಬೇಕಿತ್ತೆ? ಹನ್ನೆರಡು ಅಕ್ಷರ ಇವೆಯೆ? ಆ ಹನ್ನೊಂದು ಪುಟಗಳ ಬರಹದಲ್ಲಿ ಹೀಗೆ ಹತ್ತೊಂಬತ್ತು ಜಾಗ ಸಿಕ್ಕವು, ಸರಿಯಿದ್ದದ್ದು ಎರಡು. ಅವೆರಡೂ ಟಿಕೆಟಿನ ಚಿತ್ರದಲ್ಲಿ ಅಚ್ಚಾಗಿದ್ದನ್ನು ನೋಡಿ ನಕಲು ಮಾಡಿದವು ಎಂದು ಬರೆದವರೇ ಒಪ್ಪಿಕೊಂಡರು.